ಬ್ಯಾಗ್ ಕೊಳ್ಳುವ ಮೊದಲು ಒಳಗಿನ ಹೊಲಿಗೆ ನೋಡಿ

ಮಾನ್ಯ ಸಂಪಾದಕರೇ,

ಕಡಿಮೆ ಖರ್ಚಿನಲ್ಲಿ ಶ್ರೀಮಂತರ ಹಾಗೆ ಕಾಣುವುದು ಹೇಗೆ ಎಂದು ನಿಮ್ಮ ಭಾನುವಾರದ ಪುರವಣಿಯಲ್ಲಿ ಲೇಖನ ಬಂದಿತ್ತು. ಇದೆಲ್ಲ ಬರೀ ಶೋಕಿ, ಹೆಣ್ಣುಮಕ್ಕಳ ತಲೆ ಕೆಡಿಸುವ ಬರಹ ಎಂದು ಮರುವಾರ ಓದುಗರೊಬ್ಬರು ಪತ್ರ ಬರೆದಿದ್ದರು. ಎರಡನ್ನೂ ಓದಿದೆ. ಎರಡರ ಬಗ್ಗೆಯೂ ನನಗೆ ಹೇಳುವುದಿದೆ.

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ನಾನು ಬ್ಯಾಗ್, ಜಿಪ್, ಸೂಟ್‌ಕೇಸ್ ರಿಪೇರಿ ಮಾಡುತ್ತೇನೆ. ಪಕ್ಕದ ಮೆಷಿನ್‌ನಲ್ಲಿ ನನ್ನ ಹೆಂಡತಿ ಸೀರೆಗೆ ಫಾಲ್ ಹಾಕುವುದು, ಬ್ಲೌಸ್, ಚೂಡಿದಾರ್, ಪ್ಯಾಂಟ್ ಆಲ್ಟರೇಷನ್ ಮಾಡುವುದು ನೋಡಿಕೊಳ್ಳುತ್ತಾಳೆ. ಕೊಳ್ಳುವವರು ಬ್ಯಾಗನ್ನು ಹೊರಗಿನಿಂದ ನೋಡುತ್ತಾರೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಅದರ ಲೈನಿಂಗ್ ಹರಿದಿರುತ್ತದೆ, ಪಟ್ಟಿ ಕಿತ್ತಿರುತ್ತದೆ, ಒಳಗೆ ಏನು ತುಂಬಿ ಹೊಲಿದಿದ್ದರು ಎನ್ನುವುದೆಲ್ಲ ಕಣ್ಣೆದುರಿಗೆ ಬಿದ್ದಿರುತ್ತದೆ. ಯಾವ ವಸ್ತು ದುಡ್ಡಿಗೆ ತಕ್ಕದ್ದು, ಯಾವುದು ಬರೀ ಥಳಕು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಮೊದಲು ಆ ಓದುಗರಿಗೆ. ಸ್ವಾಮಿ, ಚೆನ್ನಾಗಿ ಕಾಣಬೇಕು, ನಾಲ್ಕು ಕಾಸು ಇರುವವರ ಹಾಗೆ ಕಾಣಬೇಕು ಅನ್ನುವ ಆಸೆ ಶೋಕಿಯಲ್ಲ. ನಮ್ಮ ಅಂಗಡಿಗೆ ಬರುವವರು ಯಾರು ಗೊತ್ತಾ? ಮೊದಲ ಸಲ ಇಂಟರ್‌ವ್ಯೂಗೆ ಬೆಂಗಳೂರಿಗೆ ಹೊರಟ ಹುಡುಗಿ. ಖಾಸಗಿ ಶಾಲೆಯ ಟೀಚರ್. ಸ್ವಸಹಾಯ ಸಂಘದ ಲೆಕ್ಕ ಹಿಡಿದು ಬ್ಯಾಂಕ್ ಮ್ಯಾನೇಜರ್ ಎದುರು ಕೂರಬೇಕಾದ ಹೆಂಗಸು. ಮಗಳ ಸಂಬಂಧ ನೋಡಲು ಹೋಗುವ ತಾಯಿ. ಸವೆದ ಚಪ್ಪಲಿ, ಸಿಪ್ಪೆ ಎದ್ದ ಬ್ಯಾಗ್ ಇದ್ದರೆ ಕೌಂಟರ್‌ನಲ್ಲಿ ಕೂತವರ ದನಿಯೇ ಬದಲಾಗುತ್ತದೆ. ‘ಆಮೇಲೆ ಬನ್ನಿ’ ಅನ್ನುತ್ತಾರೆ. ಅದೇ ಹೆಂಗಸು ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಒಂದು ಒಳ್ಳೆಯ ಬ್ಯಾಗ್ ಹಿಡಿದು ಹೋದರೆ ‘ಕೂತ್ಕೊಳಿ ಮೇಡಂ’ ಅನ್ನುತ್ತಾರೆ. ಇದು ಸರಿಯಲ್ಲ, ನಿಜ. ಆದರೆ ಲೋಕ ಹೀಗಿರುವಾಗ, ಆ ಹೆಂಗಸು ತನ್ನ ಮರ್ಯಾದೆಗಾಗಿ ಎರಡು ಸಾವಿರ ಖರ್ಚು ಮಾಡಿದರೆ ಅದನ್ನು ಹೀಗಳೆಯುವುದು ನ್ಯಾಯವಲ್ಲ.

ಇನ್ನು ಲೇಖನದ ವಿಷಯ. ಅದರಲ್ಲಿ ಇಂಥ ಬಣ್ಣ, ಇಂಥ ಸ್ಟೈಲ್, ಇಂಥ ಬ್ರ್ಯಾಂಡ್ ಅಂತ ಉದ್ದಕ್ಕೂ ಹೇಳಿದ್ದಾರೆ. ಬಟ್ಟೆ ಯಾವುದು, ಚರ್ಮ ಯಾವುದು, ಹೊಲಿಗೆ ಹೇಗಿರಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇಲ್ಲ. ನೋಡಿದವರಿಗೆ ‘ಇದು ದುಬಾರಿ’ ಅನ್ನಿಸುವುದು ಇವುಗಳಿಂದಲೇ ಅಲ್ವಾ?

ನಮ್ಮ ಊರಲ್ಲಿ ಮಾರುವ ವ್ಯಾನಿಟಿ ಬ್ಯಾಗ್‌ಗಳಲ್ಲಿ ಜಾಸ್ತಿ ಪಿಯು ಬ್ಯಾಗ್‌ಗಳೇ. ನಾವು ಮೊದಲಿಂದ ಎಲ್ಲವನ್ನೂ ರೆಕ್ಸಿನ್ ಅಂದುಬಿಡುತ್ತೇವೆ. ಪಿಯು ಅಂದರೆ ಪಾಲಿಯುರೆಥೇನ್, ಬಟ್ಟೆಯ ಮೇಲೆ ಬಳಿದ ಪ್ಲಾಸ್ಟಿಕ್‌ನ ತೆಳು ಪದರ. ಹೊಸದರಲ್ಲಿ ಚರ್ಮದ ಹಾಗೇ ಮೆತ್ತಗೆ, ಹೊಳಪಾಗಿ ಇರುತ್ತದೆ. ಆದರೆ ಗಾಳಿಯ ತೇವಕ್ಕೆ ಆ ಪದರ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಬಳಸದೆ ಬೀರುವಿನಲ್ಲಿ ಇಟ್ಟರೂ ಅಷ್ಟೇ. ‘ಮದುವೆಗೆ ಅಂತ ಜೋಪಾನವಾಗಿ ಇಟ್ಟಿದ್ದೆ, ತೆಗೆದು ನೋಡಿದರೆ ಸಿಪ್ಪೆ ಸಿಪ್ಪೆ’ ಅಂತ ಬೇಜಾರು ಮಾಡಿಕೊಂಡು ತರುತ್ತಾರೆ. ಮಂಗಳೂರು, ಉಡುಪಿಯಿಂದ ಬರುವ ನೆಂಟರ ಬ್ಯಾಗ್‌ಗಳಲ್ಲಿ ಇದು ಇನ್ನೂ ಬೇಗ. ಇದಕ್ಕೆ ರಿಪೇರಿ ಇಲ್ಲ. ಬಣ್ಣ ಬಳಿದರೂ ನಿಲ್ಲುವುದಿಲ್ಲ. ಬಂದವರಿಗೆ ನಾನು ಸುಮ್ನೆ ದುಡ್ಡು ಹಾಕಬೇಡಿ ಅಂತಲೇ ಹೇಳಿ ಕಳಿಸುತ್ತೇನೆ. ಕೊಳ್ಳುವಾಗಲೇ ಇದು ಎರಡು ಮೂರು ವರ್ಷದ ಮಾಲು ಅಂತ ತಿಳಿದು, ಅದಕ್ಕೆ ತಕ್ಕ ಬೆಲೆ ಕೊಟ್ಟರೆ ತೊಂದರೆ ಇಲ್ಲ. ಚರ್ಮದ ಬೆಲೆ ಕೊಟ್ಟು ಪಿಯು ತಂದರೆ ಹೊಟ್ಟೆ ಉರಿಯುತ್ತದೆ.

ಹಾಗಂತ ‘ಜೆನ್ಯೂನ್ ಲೆದರ್’ ಎಂದು ಅಚ್ಚು ಹಾಕಿದ್ದೆಲ್ಲ ಒಳ್ಳೆಯದು ಅಂದುಕೊಳ್ಳಬೇಡಿ. ದನ, ಎಮ್ಮೆಯ ಚರ್ಮ ದಪ್ಪ ಇರುತ್ತದೆ. ಅದನ್ನು ಪದರ ಪದರವಾಗಿ ಸೀಳುತ್ತಾರೆ. ಮೇಲಿನ ಪದರದಲ್ಲಿ ಎಳೆಗಳು ಒತ್ತಾಗಿ ಹೆಣೆದುಕೊಂಡಿರುತ್ತವೆ, ಅದೇ ಗಟ್ಟಿ. ಕೂದಲಿನ ಗುರುತು, ಸಣ್ಣ ಗೀರು ಎಲ್ಲ ಹಾಗೇ ಉಳಿಸಿಕೊಂಡು ಹದ ಮಾಡಿದ್ದಕ್ಕೆ ಫುಲ್ ಗ್ರೇನ್ ಅನ್ನುತ್ತಾರೆ. ಕೆಳಗಿನ ಸೀಳು ಪದರಕ್ಕೆ ಪ್ಲಾಸ್ಟಿಕ್ ಬಣ್ಣ ಬಳಿದು, ಮೇಲೆ ಚರ್ಮದ ಗೆರೆ ಒತ್ತಿ ಮಾರುವುದೂ ಇದೆ. ಅದೂ ಚರ್ಮವೇ, ಸುಳ್ಳಲ್ಲ. ಬಾಳಿಕೆ ಮಾತ್ರ ಅಷ್ಟಕ್ಕಷ್ಟೇ.

ಅಂಗಡಿಯಲ್ಲಿ ಬ್ಯಾಗ್ ಕೈಗೆ ಬಂದಾಗ ಮೊದಲು ಪಟ್ಟಿಯ ಅಂಚು ನೋಡಿ. ಚರ್ಮವಾದರೆ ಕತ್ತರಿಸಿದ ಕಡೆ ನಾರು ನಾರಾಗಿ ಇರುತ್ತದೆ, ಇಲ್ಲವೇ ಅಂಚಿಗೆ ಬಣ್ಣ ಹಚ್ಚಿ ನುಣ್ಣಗೆ ಮಾಡಿರುತ್ತಾರೆ. ಪಿಯು ಆದರೆ ಅಂಚಿನಲ್ಲಿ ಬಟ್ಟೆಯ ದಾರ ಇಣುಕುತ್ತದೆ. ಅಂಚು ಮಡಚಿ ಹೊಲಿದಿದ್ದರೆ ಒಳಗಿನ ಜೇಬಿನ ಹತ್ತಿರ ಎಲ್ಲಾದರೂ ಹಿಂಬದಿ ಕಾಣುತ್ತದಾ ಹುಡುಕಿ. ಹೆಬ್ಬೆರಳಲ್ಲಿ ಒತ್ತಿದರೆ ಚರ್ಮ ಸಣ್ಣ ಸಣ್ಣ ಸುಕ್ಕಾಗಿ ಸುತ್ತ ಹರಡಿಕೊಳ್ಳುತ್ತದೆ, ಪ್ಲಾಸ್ಟಿಕ್ ಗುಳಿ ಬೀಳುತ್ತದೆ ಅಷ್ಟೇ.

ಆಮೇಲೆ ಹಿಡಿಕೆ ಬ್ಯಾಗಿಗೆ ಸೇರುವ ಜಾಗ. ಬ್ಯಾಗ್ ಹೆಚ್ಚಾಗಿ ಕಿತ್ತುಬರುವುದು ಅಲ್ಲಿಯೇ. ಅಲ್ಲಿ ಒಂದೇ ಸಾಲು ಹೊಲಿಗೆ ಹಾಕಿ, ಮೇಲೊಂದು ತೆಳು ರಿವಿಟ್ ಹೊಡೆದಿದ್ದರೆ ಬಿಟ್ಟುಬಿಡಿ. ಚೌಕಾಕಾರ ಹೊಲಿದು, ಒಳಗಡೆ ಇನ್ನೊಂದು ತುಂಡು ಚರ್ಮವೋ ದಪ್ಪ ಬಟ್ಟೆಯೋ ಕೊಟ್ಟಿದ್ದರೆ ಅದನ್ನು ಮಾಡಿದವನಿಗೆ ಕೆಲಸ ಗೊತ್ತು ಎಂದರ್ಥ. ಜಿಪ್ಪನ್ನು ನಾಲ್ಕು ಸಲ ಎಳೆದು ನೋಡಿ, ಮೂಲೆ ತಿರುಗುವ ಕಡೆ ತಡೆಯಬಾರದು. ಹಲ್ಲು ಕೂಡದಿದ್ದರೆ ಜಿಪ್ಪೇ ಹೋಯಿತು ಅಂತ ಜನ ಬ್ಯಾಗ್ ಎಸೆಯುತ್ತಾರೆ. ಬಹಳ ಸಲ ಹೋಗಿರುವುದು ಹಲ್ಲುಗಳ ಮೇಲೆ ಓಡುವ ರನ್ನರ್ ಮಾತ್ರ, ಅದರ ಬಾಯಿ ಅಗಲ ಆಗಿರುತ್ತದೆ. ಬೇರೆ ರನ್ನರ್ ಹಾಕಿದರೆ ಮುಗಿಯಿತು, ಅದಕ್ಕೆ ಒಂದು ದೋಸೆಯಷ್ಟೂ ಖರ್ಚಾಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಜಗತ್ತಿನ ದುಬಾರಿ ಬ್ಯಾಗಿನ ಮಾತಿಗೆ ಬರುತ್ತೇನೆ, ಲೇಖನದಲ್ಲೂ ಅದರ ಹೆಸರಿತ್ತು. ಫ್ರಾನ್ಸಿನ ಎರ್ಮೆಸ್ ಕಂಪನಿಯ ಬರ್ಕಿನ್ ಬ್ಯಾಗ್. ಗಾಯಕಿ, ನಟಿ ಜೇನ್ ಬರ್ಕಿನ್ ಅವರಿಗಾಗಿ 1984ರಲ್ಲಿ ಮಾಡಿದ್ದು. ಅವರು ಕೈಯಲ್ಲಿ ಹಿಡಿದು ಓಡಾಡಿದ ಆ ಮೊದಲ ಬ್ಯಾಗ್ 2025ರ ಜುಲೈನಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 86 ಲಕ್ಷ ಯೂರೋಗೆ ಹೋಯಿತು. ಪೇಪರಿನಲ್ಲಿ ಫೋಟೋ ಬಂದಾಗ ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಗೀರು ಬಿದ್ದಿದೆ, ಸವೆದಿದೆ, ಸ್ಟಿಕರ್ ಅಂಟಿಸಿ ಕಿತ್ತ ಗುರುತಿದೆ. ಪಟ್ಟಿಗೆ ಉಗುರು ಕತ್ತರಿಸುವ ನೇಲ್ ಕಟರ್ ಕೂಡ ನೇತುಹಾಕಿದ್ದರು. ಅಂದರೆ ಆ ಹೆಂಗಸು ಅದನ್ನು ದಿನಾ ಬಳಸಿದ್ದಾರೆ. ಅಷ್ಟು ಬಳಸಿದರೂ ಅದರ ಆಕಾರ ಹೋಗಿಲ್ಲ. ಮೈಮೇಲೆ ದೊಡ್ಡ ಅಕ್ಷರದಲ್ಲಿ ಕಂಪನಿ ಹೆಸರೂ ಇಲ್ಲ, ಸಣ್ಣದಾಗಿ ಒತ್ತಿದ್ದಾರೆ ಅಷ್ಟೇ. ಅವರು ಹೊಲಿಯುವುದು ಕುದುರೆಯ ಜೀನು ಹೊಲಿಯುವ ರೀತಿಯಲ್ಲಿ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಒಂದು ಕಡೆ ದಾರ ಹರಿದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಮೆಷಿನ್ ಹೊಲಿಗೆಯಲ್ಲಿ ಒಂದು ಕಡೆ ಹರಿದರೆ ಸಾಲೇ ಬಿಚ್ಚಿಕೊಳ್ಳಬಹುದು. ಆ ಕೈಹೊಲಿಗೆಗೆ ಬೇಕಾಗಿರುವುದು ತಾಳ್ಮೆ, ಮೇಣ ಹಚ್ಚಿದ ದಾರ, ಎರಡು ಸೂಜಿ. ನಮ್ಮ ಊರಿನಲ್ಲೂ ಮಾಡಬಹುದು. ನಾನು ಪಟ್ಟಿ ಜೋಡಿಸುವಾಗ ಹಾಗೇ ಹೊಲಿಯುತ್ತೇನೆ.

ನನಗೆ ನಿಜವಾಗಿ ಕೋಪ ಬರುವುದು ನಕಲಿ ಬ್ರ್ಯಾಂಡ್ ಬ್ಯಾಗ್‌ಗಳ ಮೇಲೆ. ಫಸ್ಟ್ ಕಾಪಿ, ಮಾಸ್ಟರ್ ಕಾಪಿ, ಸೆವೆನ್ ಎ ಅಂತ ಅದಕ್ಕೂ ದರ್ಜೆಗಳಿವೆ. ಎರಡು ಸಾವಿರ, ಮೂರು ಸಾವಿರ, ಇನ್ನೂ ಜಾಸ್ತಿಯೂ ಕೇಳುತ್ತಾರೆ. ಒಳಗೆ ನೋಡಿದರೆ ಅದೇ ಪಿಯು, ಅದೇ ರಟ್ಟು. ದುಡ್ಡೆಲ್ಲ ಎದುರಿಗಿನ ಬಂಗಾರದ ಬಣ್ಣದ ಅಕ್ಷರಕ್ಕೆ. ಕೈ ಬೆವರಿಗೆ ಆ ಬಣ್ಣ ಹೋಗಿ ಒಳಗಿನ ಬಿಳಿ ಲೋಹ ಕಾಣುತ್ತದೆ. ಇನ್ನೊಬ್ಬರ ಟ್ರೇಡ್‌ಮಾರ್ಕ್ ಹಾಕಿ ಮಾರುವುದು 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಕೊಂಡ ಹುಡುಗಿ ಅಪರಾಧಿಯಲ್ಲ, ಅವಳಿಗೆ ಮೋಸ ಆಗಿದೆ. ಆದರೆ ಲೇಖನದಲ್ಲಿ ‘ಅಸಲಿ ಕೊಳ್ಳಲಾಗದಿದ್ದರೆ ಅದೇ ರೀತಿಯದು ಮಾರ್ಕೆಟ್‌ನಲ್ಲಿ ಸಿಗುತ್ತದೆ’ ಎಂದು ಬರೆದದ್ದು ನನಗೆ ಸರಿ ಕಾಣಲಿಲ್ಲ. ಪತ್ರಿಕೆ ಆ ಸಲಹೆ ಕೊಡಬಾರದಿತ್ತು.

ಈಚೆಗೆ ಒಂದು ಹುಡುಗಿ ಇಂಥದ್ದೇ ಬ್ಯಾಗ್ ತಂದಿದ್ದಳು. ಎದುರಿಗಿನ ಎರಡು ಅಕ್ಷರಗಳಲ್ಲಿ ಒಂದು ಬಿದ್ದುಹೋಗಿತ್ತು. ಹಾಗೇ ಇನ್ನೊಂದು ಸಿಗುತ್ತಾ ಅಂಕಲ್, ನಾಡಿದ್ದು ಇಂಟರ್‌ವ್ಯೂ ಇದೆ ಅಂದಳು. ಬ್ಯಾಗಿನ ಆಕಾರ ಚೆನ್ನಾಗಿತ್ತು, ಕಂದು ಬಣ್ಣ, ಇನ್ನೂ ಸಿಪ್ಪೆ ಎದ್ದಿರಲಿಲ್ಲ. ಸಿಗಲ್ಲ ಕಣಮ್ಮ, ಒಂದು ಮಾತು ಕೇಳು, ಉಳಿದಿರುವ ಅಕ್ಷರವನ್ನೂ ತೆಗೆದುಬಿಡೋಣ ಅಂದೆ. ಒಲ್ಲದ ಮನಸ್ಸಿನಿಂದಲೇ ಒಪ್ಪಿದಳು. ಒಳಗಿನ ಲೈನಿಂಗ್ ಬಿಚ್ಚಿದೆ. ಅಕ್ಷರದ ಹಿಂದಿನ ಮೊಳೆಗಳನ್ನು ಮಡಚಿ ಕೂರಿಸಿದ್ದರು, ಅದನ್ನು ಇಕ್ಕಳದಲ್ಲಿ ನೆಟ್ಟಗೆ ಮಾಡಿ ಹೊರಕ್ಕೆ ತೆಗೆದೆ. ನಾಲ್ಕು ತೂತು ಉಳಿದವು. ಅದರ ಮೇಲೆ ಅಡ್ಡಡ್ಡ ಒಂದು ಇಂಚಿನ ಅಸಲಿ ಚರ್ಮದ ಪಟ್ಟಿ ಇಟ್ಟು, ಅಂಚಿಗೆ ಬಣ್ಣ ಹಚ್ಚಿ, ಎರಡು ಕಡೆ ಬ್ಯಾಗಿನ ಹೊಲಿಗೆಯೊಳಕ್ಕೇ ಸೇರಿಸಿ ಹೊಲಿದೆ. ಅದೇ ಚರ್ಮದಲ್ಲಿ ಜಿಪ್ಪಿನ ರನ್ನರಿಗೂ ಒಂದು ಸಣ್ಣ ಎಳೆಯುವ ತುಂಡು ಮಾಡಿಕೊಟ್ಟೆ. ಅವಳು ಬ್ಯಾಗನ್ನು ಹೆಗಲಿಗೆ ಹಾಕಿ ನಮ್ಮ ಕನ್ನಡಿಯಲ್ಲಿ ನೋಡಿಕೊಂಡಳು. ‘ಈಗಲೇ ಜಾಸ್ತಿ ರೇಟಿಂದು ಅನ್ಸುತ್ತೆ’ ಅಂದಳು. ನನ್ನ ಹೆಂಡತಿಯೂ ಅದನ್ನೇ ಹೇಳಿದಳು. ಅಕ್ಷರ ಇದ್ದಾಗ ನೋಡುವವರ ಕಣ್ಣು ಮೊದಲು ಅದರ ಮೇಲೆ ಹೋಗುತ್ತಿತ್ತು, ಅಸಲಿಯೋ ನಕಲಿಯೋ ಅಂತ ಅಳೆಯುತ್ತಿತ್ತು. ಈಗ ಬ್ಯಾಗಿನ ಆಕಾರ, ಬಣ್ಣ ಕಾಣುತ್ತದೆ.

ಮೂರು ಸಾವಿರದ ನಕಲಿ ಕೊಳ್ಳುವವರು ಆಸುಪಾಸಿನ ದುಡ್ಡಿಗೆ ಹೆಸರಿಲ್ಲದ, ಸಾದಾ, ಒಳ್ಳೆ ಚರ್ಮದ ಬ್ಯಾಗ್ ಕೊಳ್ಳಬಹುದು. ನಮ್ಮ ಸರ್ಕಾರದ್ದೇ ಲಿಡ್ಕರ್ ಮಳಿಗೆಗಳಿವೆ, ಅಲ್ಲಿ ಚರ್ಮದ ಬ್ಯಾಗ್, ಬೆಲ್ಟ್, ಪರ್ಸ್, ಚಪ್ಪಲಿ ಎಲ್ಲ ಮಾರುತ್ತಾರೆ. ನಮ್ಮ ಕೆಲಸದವರ ಕೈಗೆ ಬೆಲೆ ಇಲ್ಲ ಅಂದುಕೊಂಡವರಿಗೆ 2025ರ ಜೂನ್ ತಿಂಗಳ ಸುದ್ದಿ ನೆನಪಿರಬಹುದು. ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಫ್ಯಾಷನ್ ಶೋನಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದೇ ಚಪ್ಪಲಿ ಹಾಕಿಸಿ ಹುಡುಗರನ್ನು ನಡೆಸಿತು. ಮೊದಲು ಆ ಹೆಸರನ್ನೇ ಹೇಳಲಿಲ್ಲ. ಗಲಾಟೆ ಆದ ಮೇಲೆ, ಹೌದು, ಇದಕ್ಕೆ ಭಾರತದ ಚಪ್ಪಲಿಯೇ ಸ್ಫೂರ್ತಿ ಅಂತ ಒಪ್ಪಿಕೊಂಡಿತು. ಕೊಲ್ಹಾಪುರಿ ಅಂದರೆ ಮಹಾರಾಷ್ಟ್ರದ್ದು ಮಾತ್ರ ಅಂತ ನಮ್ಮವರೇ ತಿಳಿದಿದ್ದಾರೆ. ಇಂಥ ಪ್ರದೇಶದ ಮಾಲು ಅಂತ ಸರ್ಕಾರ ಕೊಡುವ ಜಿಐ ಗುರುತು ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳಿಗೆ ಸೇರಿದ್ದು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರಲ್ಲಿವೆ. ಅಥಣಿ, ನಿಪ್ಪಾಣಿ ಕಡೆ ಮನೆಮನೆಯಲ್ಲಿ ಅದನ್ನು ಕೈಯಲ್ಲಿ ಮಾಡುತ್ತಾರೆ. ಸಾದಾ ಕಾಟನ್ ಸೀರೆಗೋ ಕುರ್ತಾಗೋ ಅಂಥ ಒಂದು ಜೊತೆ ಚಪ್ಪಲಿ ಹಾಕಿದರೆ ಎಷ್ಟು ಲಕ್ಷಣ! ಮಿಲಾನಿನವರಿಗೆ ಕಂಡದ್ದು ನಮಗೆ ಕಾಣಬೇಡವಾ?

ಬಟ್ಟೆಯ ವಿಷಯದಲ್ಲಿ ನನ್ನ ಹೆಂಡತಿ ಹೇಳಿ ಬರೆಸಿದ್ದನ್ನು ಬರೆಯುತ್ತೇನೆ, ಇದು ಅವಳ ಅನುಭವ.

ರೆಡಿಮೇಡ್ ಬಟ್ಟೆ ಯಾರ ಮೈಗೂ ಸರಿಯಾಗಿ ಕೂರುವುದಿಲ್ಲ, ಅದನ್ನು ಹೊಲಿದಿರುವುದು ಸರಾಸರಿ ಅಳತೆಗೆ. ಮೊದಲು ನೋಡಬೇಕಾದದ್ದು ಭುಜ. ಭುಜದ ಮೂಳೆ ಎಲ್ಲಿ ಮುಗಿಯುತ್ತದೋ ತೋಳಿನ ಹೊಲಿಗೆ ಅಲ್ಲೇ ಇರಬೇಕು. ಒಂದು ಇಂಚು ಕೆಳಗೆ ಜಾರಿದರೂ ಇನ್ನೊಬ್ಬರ ಬಟ್ಟೆ ಹಾಕಿಕೊಂಡ ಹಾಗೆ ಕಾಣುತ್ತದೆ. ಸೊಂಟ, ಉದ್ದ ಎಲ್ಲ ಆಮೇಲೆ. ಸೊಂಟ ಹಿಡಿಸುವುದು ಸುಲಭ, ಭುಜ ಸರಿ ಮಾಡುವುದು ಕಷ್ಟದ ಕೆಲಸ. ತೋಳು ಪೂರ್ತಿ ಬಿಚ್ಚಬೇಕು, ಆರ್ಮ್‌ಹೋಲ್ ಮೇಲಕ್ಕೆ ಕತ್ತರಿಸಬೇಕು, ಮತ್ತೆ ತೋಳು ಕೂರಿಸಬೇಕು. ಆದ್ದರಿಂದ ಕೊಳ್ಳುವಾಗ ಭುಜಕ್ಕೆ ಸರಿಯಾದ ಸೈಜ್ ತಗೊಳ್ಳಿ, ಎದೆ, ಸೊಂಟದ ಹತ್ತಿರ ಸಡಿಲ ಇದ್ದರೆ ಹಿಡಿಸಿಕೊಳ್ಳಿ. ಆರುನೂರು ರೂಪಾಯಿ ಕುರ್ತಾಗೆ ಇನ್ನೂರು ರೂಪಾಯಿ ಆಲ್ಟರೇಷನ್ ಯಾಕೆ ಅಂತ ಜನ ಕೇಳುತ್ತಾರೆ. ಆ ಇನ್ನೂರರಿಂದಲೇ ಅದು ಎರಡು ಸಾವಿರದ್ದರ ಹಾಗೆ ಕಾಣುವುದು.

ಚೆಕ್ಸ್ ಅಥವಾ ಪಟ್ಟೆ ಇರುವ ಬಟ್ಟೆಯಾದರೆ ಪಕ್ಕದ ಹೊಲಿಗೆಯಲ್ಲಿ ಮುಂದಿನ ಗೆರೆ, ಹಿಂದಿನ ಗೆರೆ ಸೇರುತ್ತವಾ ನೋಡಿ. ಸೇರಿಸಬೇಕಾದರೆ ಬಟ್ಟೆ ಜಾಸ್ತಿ ಬೇಕು, ಕತ್ತರಿಸುವವನಿಗೆ ಸಮಯ ಬೇಕು. ಅಗ್ಗದ ಬಟ್ಟೆಯಲ್ಲಿ ಯಾರೂ ಸೇರಿಸುವುದಿಲ್ಲ. ಒಳಗಡೆ ಒಂದು ಇಂಚಾದರೂ ಮಾರ್ಜಿನ್ ಬಿಟ್ಟಿದ್ದಾರಾ, ಕೆಳಗಿನ ಮಡಿಕೆ ಅಗಲ ಇದೆಯಾ ಅಂತಲೂ ನೋಡಿ. ಅರ್ಧ ಇಂಚು ಮಡಚಿ ಹೊಲಿದ ಕುರ್ತಾ ಒಗೆದ ಮೇಲೆ ಸುರುಳಿ ಸುತ್ತಿಕೊಳ್ಳುತ್ತದೆ.

ಗಂಡಸರಿಗೂ ಒಂದು ಮಾತು ಹೇಳು ಅಂದಳು. ಕೋಟ್ ಕೊಂಡಾಗ ತೋಳಿನ ತುದಿಯಲ್ಲಿ ಕಂಪನಿ ಹೆಸರಿನ ಪಟ್ಟಿ ಇರುತ್ತದೆ. ಅದು ಅಂಗಡಿಯವರ ಗುರುತಿಗೆ, ತೆಗೆದುಬಿಡಬೇಕು. ಹಿಂದಿನ ಸೀಳಿಗೆ ಇಂಟು ಗುರುತಿನ ಹಾಗೆ ದಾರ ಹಾಕಿರುತ್ತಾರೆ, ಸಾಗಿಸುವಾಗ ಆಕಾರ ಕೆಡದಿರಲಿ ಅಂತ. ಅದನ್ನೂ ಕತ್ತರಿಸಬೇಕು. ರಿಸೆಪ್ಷನ್ನಿಗೆ ಸಾವಿರಾರು ರೂಪಾಯಿ ಕೋಟ್ ತೊಟ್ಟ ಮದುಮಗ ಇವೆರಡನ್ನೂ ಹಾಗೇ ಬಿಟ್ಟುಕೊಂಡು ಫೋಟೋಗೆ ನಿಲ್ಲುವುದನ್ನು ನೋಡಿದರೆ ಅವಳಿಗೆ ಸಂಕಟವಾಗುತ್ತದೆ. ಯಾರಾದರೂ ಮೊದಲೇ ಹೇಳಿದ್ದರೆ ಒಂದು ನಿಮಿಷದ ಕೆಲಸ.

ಸೀರೆಯ ವಿಚಾರದಲ್ಲಿ ಹಾಳಾಗುವುದು ಫಾಲ್‌ನಲ್ಲಿ. ಕಾಟನ್ ಫಾಲ್ ತಂದು ಹಾಗೇ ಹೊಲಿದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ. ಸೀರೆ ಅಷ್ಟು ಕುಗ್ಗುವುದಿಲ್ಲ. ಆಗ ಅಂಚು ಪೂರ್ತಿ ಸುಕ್ಕು ಸುಕ್ಕಾಗಿ ಎದ್ದು ನಿಲ್ಲುತ್ತದೆ, ನೆರಿಗೆ ಬೀಳುವುದೇ ಇಲ್ಲ. ಫಾಲನ್ನು ರಾತ್ರಿ ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿಯಬೇಕು. ಅದೂ ಕೈಹೊಲಿಗೆ, ಸೀರೆಯ ಬಣ್ಣದ ದಾರದಲ್ಲಿ, ಮೇಲೆ ಕಾಣದ ಹಾಗೆ. ಒಂದೇ ದಿನದಲ್ಲಿ ಕೊಡಿ ಅಂತ ಅವಸರ ಮಾಡಬೇಡಿ ಅಂತ ಅವಳು ಎಲ್ಲರಿಗೂ ಹೇಳುತ್ತಾಳೆ. ಬ್ಲೌಸ್ ಕೂಡ ಅಷ್ಟೇ. ಎಂಟುನೂರರ ಸೀರೆಗೆ ಮೈಗೆ ಹಿಡಿಸಿದ ಹಾಗೆ ಹೊಲಿದ ಬ್ಲೌಸ್ ಇದ್ದರೆ ಸೀರೆಯ ಬೆಲೆ ಯಾರೂ ಕೇಳುವುದಿಲ್ಲ.

ಮೈಸೂರಿನವನಾಗಿ ಮೈಸೂರು ಸಿಲ್ಕಿನ ಬಗ್ಗೆ ಬರೆಯದಿದ್ದರೆ ಹೇಗೆ? ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆ. 1980ರಿಂದ ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನೋಡಿಕೊಳ್ಳುತ್ತಿದೆ. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಆ ಸೀರೆಯ ಮೈತುಂಬ ಹೂವಿಲ್ಲ, ಕಲ್ಲಿಲ್ಲ, ಮಿಂಚಿಲ್ಲ. ಒಂದೇ ಬಣ್ಣದ ಮೈ, ಒಂದು ಜರಿ ಅಂಚು, ಸೆರಗು. ಆದರೂ ಮದುವೆ ಮನೆಯಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. ಯಾಕೆಂದರೆ ಆ ರೇಷ್ಮೆಯ ತೂಕವೇ ಹಾಗೆ, ನೆರಿಗೆ ತಾನಾಗಿ ಇಳಿಬೀಳುತ್ತದೆ. ಬೆಲೆ ಜಾಸ್ತಿ, ಎಲ್ಲರಿಗೂ ಆಗುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ ಹೇಳುವುದು, ಅಮ್ಮನದೋ ಅಜ್ಜಿಯದೋ ಮನೆಯಲ್ಲಿದ್ದರೆ ಅದನ್ನು ಹೊರಗೆ ತೆಗೆಯಿರಿ. ಪಾಲಿಶ್ ಹಾಕಿಸಿ, ಫಾಲ್ ಬದಲಿಸಿ, ಹೊಸ ಬ್ಲೌಸ್ ಹೊಲಿಸಿ. ಸಣ್ಣ ತೂತಿದ್ದರೆ ರಫೂ ಮಾಡುವವರ ಹತ್ತಿರ ಕೊಡಿ. ಹೊಸದು ಕೊಳ್ಳುವವರು ಕೆಎಸ್‌ಐಸಿ ಮಳಿಗೆಯಲ್ಲೇ ಕೊಳ್ಳಿ, ಪ್ರತಿ ಸೀರೆಗೂ ಅದರದೇ ಕೋಡ್ ನಂಬರ್, ಹಾಲೋಗ್ರಾಂ ಇರುತ್ತದೆ. ಬೇರೆ ರೇಷ್ಮೆಗೆ, ಶುದ್ಧ ರೇಷ್ಮೆ ಎಂದು ಹೇಳುವ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಅನುಮಾನ ಇದ್ದರೆ ಸೆರಗಿನ ತುದಿಯಿಂದ ಒಂದೆರಡು ಎಳೆ ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕಡಿಮೆ ಬೆಲೆಗೂ ನಮ್ಮಲ್ಲಿ ಬೇಕಾದಷ್ಟಿದೆ. ಉಡುಪಿ ಕೈಮಗ್ಗದ ಕಾಟನ್ ಸೀರೆ ಆಫೀಸಿಗೆ ಹೇಳಿ ಮಾಡಿಸಿದ್ದು. ಗುಳೇದಗುಡ್ಡ ಖಣದಲ್ಲಿ ಬ್ಲೌಸ್ ಮಾತ್ರ ಅಲ್ಲ, ಈಗ ಬ್ಯಾಗ್, ಪರ್ಸ್ ಕೂಡ ಹೊಲಿಯುತ್ತಾರೆ. ನನ್ನ ಹತ್ತಿರವೇ ಖಣ ತಂದುಕೊಟ್ಟು ಮಾಡಿಸಿಕೊಂಡವರಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿಯ ಬ್ಯಾಗ್ ನೋಡಿ, ಅದರ ಒಂದೊಂದು ಹೊಲಿಗೆಯೂ ಕೈಯದು. ಧಾರವಾಡದ ಕಸೂತಿಯಲ್ಲಿ ಗಾವಂತಿ, ಮುರ್ಗಿ ಹೊಲಿಗೆ ಹಾಕಿದ್ದರೆ ಹಿಂದೆ ಮುಂದೆ ಒಂದೇ ತರಹ ಇರುತ್ತದೆ, ಗಂಟು ಕಾಣುವುದಿಲ್ಲ. ಸರ್ಕಾರದ ಕಾವೇರಿ ಎಂಪೋರಿಯಂ, ಪ್ರಿಯದರ್ಶಿನಿ ಮಳಿಗೆಗಳಿಗೆ ಹೋಗಿ ಒಮ್ಮೆ ಕೈಯಲ್ಲಿ ಮುಟ್ಟಿ ನೋಡಿದರೆ ಮಾತು ಬೇಕಾಗುವುದಿಲ್ಲ. ನಿಮ್ಮ ಲೇಖನದ ಫೋಟೋಗಳಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ ಅನ್ನುವುದು ನನ್ನ ನೋವು.

ಒಂದು ದೂರೂ ಇದೆ. ಪರಿಚಯದ ಟೀಚರ್ ಒಬ್ಬರಿಗೆ ಒಂದು ಅಂಗಡಿಯಲ್ಲಿ ಚರ್ಮದ್ದು ಅಂತ ಹೇಳಿ ನಾಲ್ಕು ಸಾವಿರಕ್ಕೆ ಪಿಯು ಬ್ಯಾಗ್ ಕೊಟ್ಟರು. ಬಿಲ್ ಕೇಳಿದರೆ ಜಿಎಸ್‌ಟಿ ಸೇರಿಸಬೇಕಾಗುತ್ತದೆ ಅಂತ ಹೆದರಿಸಿದರು. ಮಳೆಗಾಲ ಮುಗಿಯುವುದರೊಳಗೆ ಬ್ಯಾಗ್ ನನ್ನ ಮೇಜಿನ ಮೇಲೆ ಬಂತು. ಬಿಲ್ ಇಲ್ಲದ ಕಾರಣ ಆ ಟೀಚರ್‌ಗೆ ಏನೂ ಮಾಡಲಾಗಲಿಲ್ಲ. ಬಿಲ್ ಕೊಡದಿರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಪ್ಪು ವ್ಯವಹಾರ ಅನ್ನುತ್ತದೆ. 1915 ಎಂಬ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಬಿಲ್ಲಿನಲ್ಲಿ ‘ಬ್ಯಾಗ್’ ಅಂತ ಮಾತ್ರ ಬರೆಸಬೇಡಿ, ‘ಲೆದರ್ ಬ್ಯಾಗ್’ ಅಂತ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಅದರಲ್ಲೇ ನಿಮಗೆ ಉತ್ತರ ಸಿಗುತ್ತದೆ.

ಕೊಂಡ ಮೇಲೆ ಇಟ್ಟುಕೊಳ್ಳುವುದೂ ಮುಖ್ಯ. ಚರ್ಮದ ಬ್ಯಾಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹಳೆ ಕಾಟನ್ ದುಪಟ್ಟಾದಲ್ಲಿ ಸುತ್ತಿ. ಒಳಗೆ ಹಳೆ ಬಟ್ಟೆ ತುಂಬಿ ನಿಲ್ಲಿಸಿಡಿ, ಪಟ್ಟಿಯಿಂದ ನೇತುಹಾಕಬೇಡಿ. ಪೇಪರ್ ತುಂಬಿದರೆ ಮಸಿ ಲೈನಿಂಗಿಗೆ ಹತ್ತುತ್ತದೆ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಪ್ಪು ಕಲೆ ಬಿದ್ದರೆ ಹೋಗುವುದಿಲ್ಲ. ಜರಿ ಸೀರೆಗೆ ನುಸಿಗುಳಿಗೆ ತಾಗಬಾರದು. ಮಡಿಕೆ ಆಗಾಗ ಬದಲಿಸಿ, ಇಲ್ಲದಿದ್ದರೆ ಅಲ್ಲೇ ಸೀಳುತ್ತದೆ.

ಸಂಪಾದಕರೇ, ಶ್ರೀಮಂತರಂತೆ ಕಾಣುವ ಲೇಖನ ಹಾಕಬೇಡಿ ಎಂದು ನಾನು ಕೇಳುತ್ತಿಲ್ಲ. ಇನ್ನೊಂದು ಹಾಕಿ ಎಂದು ಕೇಳುತ್ತಿದ್ದೇನೆ. ಪ್ರತಿ ಫೋಟೋದ ಕೆಳಗೆ ಬೆಲೆಯ ಜೊತೆಗೆ ಆ ವಸ್ತು ಯಾವುದರಿಂದ ಮಾಡಿದ್ದು ಅಂತ ಬರೆಯಿರಿ. ಒಬ್ಬ ಟೈಲರ್, ಒಬ್ಬ ನೇಕಾರ, ಚರ್ಮದ ಕೆಲಸದವರೊಬ್ಬರನ್ನು ಮಾತಾಡಿಸಿ. ನಮ್ಮ ಸರ್ಕಾರಿ ಮಳಿಗೆಗಳು ಯಾವ ಊರಲ್ಲಿ ಎಲ್ಲಿವೆ ಅಂತ ಒಂದು ಪಟ್ಟಿ ಕೊಡಿ. ಆಷಾಢದ ಡಿಸ್ಕೌಂಟ್ ಸೇಲ್‌ಗಳು ಶುರುವಾಗಿ ಜನ ದುಡ್ಡು ಹಾಕಿಬಿಡುವ ಮೊದಲೇ ಅದು ಬಂದರೆ ಒಳ್ಳೆಯದು.

ಇತಿ ನಿಮ್ಮ ಓದುಗ,
ಬ್ಯಾಗ್ ರಿಪೇರಿ ಅಂಗಡಿಯವ,
ಮೈಸೂರು